ಸೈಕಲ್ ಸವಾರಿಯ ಸುಖ ಯಾರ ಪಾಲಿಗೆ?

ಬೆಂಗಳೂರಿನಲ್ಲಿ ನಡುವಯಸ್ಸು ದಾಟಿದ ವ್ಯಕ್ತಿಯೊಬ್ಬ ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಾನೆಂದರೆ ಜನರು ಅದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಊಹಿಸುತ್ತಾರೆ. ಸ್ಕೂಟರ್ ಕೊಳ್ಳುವಷ್ಟು ಅನುಕೂಲ ಅವನಿಗಿಲ್ಲ. ಇಲ್ಲವೇ ರಕ್ತದ ಸಕ್ಕರೆಯ ಪ್ರಮಾಣ ಕಂಡು ವೈದ್ಯರು ಎಚ್ಚರಿಸಿದ್ದಾರೆ. ಎರಡೂ ಅಲ್ಲವಾದರೆ ಪರಿಸರದ ಗೀಳು ಹತ್ತಿದೆ. ಕೆಲವು ವರ್ಷಗಳಿಂದ ಬಸವನಗುಡಿಯ ಮನೆಯಿಂದ ನಗರದ ಮಧ್ಯಭಾಗದ ಕಚೇರಿಗೆ ದಿನವೂ ಸುಮಾರು 8 ಕಿಲೋಮೀಟರ್ ಸೈಕಲ್ ತುಳಿಯುತ್ತಿರುವ ನನ್ನನ್ನು ಬಂಧುಗಳೂ ಸಹೋದ್ಯೋಗಿಗಳೂ ನೆರೆಹೊರೆಯವರೂ ಈ ಮೂರರಲ್ಲಿ ಒಂದಲ್ಲ ಒಂದು ಪಟ್ಟಿಗೆ ಸೇರಿಸಿದ್ದಾರೆ. ನಾಲ್ಕನೆಯ ಕಾರಣವೊಂದು ಇರಬಹುದು, ಅದು ಸುಖವೇ ಆಗಿರಬಹುದು ಎಂಬುದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ಸಾರ್ವಜನಿಕ ನೀತಿಯ ಚರ್ಚೆಯಲ್ಲಿ ಸುಖ ಎಂಬ ಮಾತಿಗೆ ಗೌರವವಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ಅಂದಿನಿಂದ ಪ್ರತಿವರ್ಷ ಆ ದಿನ ಗಣ್ಯರು ಹೊಸ ಶೂ ತೊಟ್ಟು ನೂರು ಮಾರು ಸೈಕಲ್ ತುಳಿದು, ಹೃದಯದ ಆರೋಗ್ಯ, ತೈಲ ಆಮದಿನ ಹೊರೆ, ಭೂಮಿಯ ತಾಪಮಾನಗಳ ಬಗ್ಗೆ ಉಪದೇಶ ಮಾಡುತ್ತಾರೆ. ಹೇಳುವುದೆಲ್ಲವೂ ಸತ್ಯವೇ. ಆದರೆ ವಿದೇಶಿ ವಿನಿಮಯ ಉಳಿಸುವುದಕ್ಕಾಗಿ ಬೆಳಿಗ್ಗೆ ಎದ್ದು ಸೈಕಲ್ ಏರಿದವರನ್ನು ನಾನು ಈವರೆಗೆ ಕಂಡಿಲ್ಲ. ಕಾರು ಮಾರುವವರು ಈ ಸೂಕ್ಷ್ಮವನ್ನು ಚೆನ್ನಾಗಿ ಬಲ್ಲರು. ಅವರ ಜಾಹೀರಾತುಗಳಲ್ಲಿ ಕಾರು ಯಾವಾಗಲೂ ನಿರ್ಜನವಾದ ಘಟ್ಟದ ರಸ್ತೆಯಲ್ಲಿ ಓಡುತ್ತಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರುವ ಕಾರನ್ನು ಯಾರೂ ತೋರಿಸುವುದಿಲ್ಲ. ಕಾರನ್ನು ಸುಖವೆಂದು ಮಾರುತ್ತಾರೆ, ಸೈಕಲ್ಲನ್ನು ಕಷಾಯವೆಂದು ಕುಡಿಸಲು ಹೊರಡುತ್ತಾರೆ. ವಾಸ್ತವ ಇದಕ್ಕೆ ತಿರುವುಮುರುವಾಗಿದೆ ಎಂಬುದು ನನ್ನ ವಾದ. ಸೈಕಲ್ ಸವಾರಿಯ ಸುಖ ನಿಜವಾದದ್ದು. ಅದು ಯಾರಿಗೆ ದಕ್ಕುತ್ತಿದೆ, ಯಾರಿಗೆ ದಕ್ಕುತ್ತಿಲ್ಲ ಎಂಬುದು ಖಾಸಗಿ ಅಭಿರುಚಿಯ ವಿಚಾರವಲ್ಲ, ನಗರದ ನ್ಯಾಯದ ಪ್ರಶ್ನೆ.

ಮೊದಲು ಆ ಸುಖ ಎಂಥದ್ದು ಎಂಬುದನ್ನು ನೋಡೋಣ. ಅದರ ಮೊದಲ ಅಂಶ ಕಾಲದ ಖಚಿತತೆ. ವಾಹನ ದಟ್ಟಣೆಯನ್ನು ಅಳೆಯುವ ಡಚ್ ಕಂಪನಿ ಟಾಮ್‌ಟಾಮ್ ನೀಡಿದ ಅಂಕಿಅಂಶದಂತೆ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 29 ನಿಮಿಷ ಬೇಕಿತ್ತು; 2024ರಲ್ಲಿ ಅದು 34 ನಿಮಿಷಕ್ಕೆ ಏರಿತು. ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗ. ಇದು ಎಲ್ಲ ಹೊತ್ತಿನ ಸರಾಸರಿಯಾದ್ದರಿಂದ ಕಚೇರಿಯ ವೇಳೆಯ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ವಿಶೇಷ ಶ್ರಮವಿಲ್ಲದೆ, ಬೆವರು ಹರಿಸದೆ ಸಾಮಾನ್ಯ ಸೈಕಲ್ಲಿನಲ್ಲಿ ಗಂಟೆಗೆ 15 ಕಿಲೋಮೀಟರ್ ಹೋಗಬಹುದು. ನನ್ನ 8 ಕಿಲೋಮೀಟರಿಗೆ ಬೇಕಾದದ್ದು ಅರ್ಧ ಗಂಟೆಗಿಂತ ಒಂದೆರಡು ನಿಮಿಷ ಹೆಚ್ಚು. ಕಾರಿನವರು ಸರಾಸರಿಯ ಲೆಕ್ಕದಲ್ಲಿ ಐದು ನಿಮಿಷ ಮೊದಲೇ ತಲುಪಿ, ಹತ್ತು ನಿಮಿಷ ನಿಲುಗಡೆಗೆ ಜಾಗ ಹುಡುಕುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸೋಮವಾರ ಹಿಡಿದಷ್ಟೇ ಸಮಯ ನನಗೆ ಶುಕ್ರವಾರವೂ ಹಿಡಿಯುತ್ತದೆ. ಮೇಲ್ಸೇತುವೆಯ ಕೆಳಗೆ ಲಾರಿ ಕೆಟ್ಟು ನಿಂತರೂ, ಗಣ್ಯರ ಬೆಂಗಾವಲಿಗಾಗಿ ಪೊಲೀಸರು ರಸ್ತೆ ತಡೆದರೂ, ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡು ಮುಂದೆ ಸಾಗಬಹುದು. ಎಷ್ಟು ಹೊತ್ತಿಗೆ ಮನೆ ಸೇರುತ್ತೇನೆಂದು ಫೋನಿನಲ್ಲಿ ಧೈರ್ಯವಾಗಿ ಹೇಳಬಲ್ಲ ಬೆಂಗಳೂರಿಗರು ಇಂದು ಎಷ್ಟು ಮಂದಿ ಇದ್ದಾರೆ?

ಎರಡನೆಯದು ಇಂದ್ರಿಯಗಳ ಸುಖ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್ ಈ ಊರಿನ ರಸ್ತೆಗಳಿಗೆ ಒಂದು ಕಲ್ಪನೆ ಕೊಟ್ಟರು. ವರ್ಷದ ಯಾವ ತಿಂಗಳಿನಲ್ಲಿಯೂ ನಗರದ ಎಲ್ಲಾದರೂ ಒಂದು ಜಾತಿಯ ಮರ ಹೂ ಬಿಟ್ಟಿರಬೇಕು ಎಂಬುದೇ ಆ ಕಲ್ಪನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಲಕ್ಷಾಂತರ ಸಸಿಗಳು ನೆಲಕ್ಕಿಳಿದವು. ಈ ಇಬ್ಬರ ಕೊಡುಗೆಯನ್ನು ಅನುಭವಿಸಲು ತಕ್ಕ ವೇಗ ಸೈಕಲ್ಲಿನದು. ಕಾರಿನ ಗಾಜು ಏರಿಸಿ ಕುಳಿತವರಿಗೆ ವಾಸನೆ ತಲುಪುವುದಿಲ್ಲ. ಬೈಕಿನ ಸವಾರನಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಬೇಸಿಗೆ ಕಾಲಿಡುವಾಗ ಅದರದೇ ಹಳದಿ ಸೋದರ, ಆಮೇಲೆ ಜಕರಂಡದ ನೇರಳೆ, ಯುಗಾದಿಯ ಆಸುಪಾಸಿನಲ್ಲಿ ಹೊಂಗೆಯ ಎಳೆಯ ಹಸಿರು, ಏಪ್ರಿಲ್ ಕಳೆಯುವಷ್ಟರಲ್ಲಿ ಗುಲ್‌ಮೊಹರಿನ ಕೆಂಪು. ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆಯ ಬಿಳಿ ಹೂಗಳು ರಾತ್ರಿಯೆಲ್ಲ ಉದುರಿ ಬೆಳಗಿನ ರಸ್ತೆಯ ಮೇಲೆ ಹಾಸಿಕೊಂಡಿರುತ್ತವೆ. ಗಾಂಧಿ ಬಜಾರಿನಲ್ಲಿ ಹೂವಿನ ರಾಶಿಗಳ ಬದಿಯಲ್ಲಿ, ಕಾಫಿಪುಡಿ ಅಂಗಡಿಯ ಮುಂದೆ ಹಾದುಹೋಗುವಾಗ ಪೆಡಲಿನ ಮೇಲಿನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಇದಕ್ಕಾಗಿ ರಜೆ ಹಾಕಬೇಕಿಲ್ಲ, ಪ್ರವಾಸ ಹೋಗಬೇಕಿಲ್ಲ. ಕಚೇರಿಯ ದಾರಿಯಲ್ಲೇ ಇದೆಲ್ಲ ಸಿಗುತ್ತದೆ.

ಮೂರನೆಯ ಸುಖ ನೆಲದ ಪರಿಚಯ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಒಂದು ಏಣಿನ ಮೇಲೆ ಕುಳಿತ ಊರು. ಒಂದು ಬದಿಗೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎಂಜಿನ್ ಈ ಏರಿಳಿತಗಳನ್ನು ನುಂಗಿಬಿಡುವುದರಿಂದ ಮೋಟಾರು ಸವಾರರಿಗೆ ಇದು ತಿಳಿಯುವುದಿಲ್ಲ. ಸೈಕಲ್ ಸವಾರನ ಮೊಣಕಾಲಿಗೆ ತಿಳಿಯುತ್ತದೆ. ಕಂಠೀರವ ಕ್ರೀಡಾಂಗಣದ ಕಡೆಗೆ ಪೆಡಲು ಹಗುರವಾಗುವುದು ಏಕೆಂದರೆ ಅಲ್ಲಿ ಸಂಪಂಗಿ ಕೆರೆಯಿತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣದತ್ತ ಬಹುತೇಕ ದಿಕ್ಕುಗಳಿಂದ ಇಳಿಜಾರಿರುವುದು ಏಕೆಂದರೆ ಅದು ಧರ್ಮಾಂಬುಧಿ ಕೆರೆಯ ಅಂಗಳ. ನಕ್ಷೆಯಿಂದ ಅಳಿಸಿಹೋದ ಕೆರೆಗಳನ್ನು ಇಳಿಜಾರುಗಳು ಇನ್ನೂ ನೆನಪಿಟ್ಟುಕೊಂಡಿವೆ. ದೊಡ್ಡ ಮಳೆ ಸುರಿದಾಗ ಯಾವ ರಸ್ತೆ ತುಂಬುತ್ತದೆ ಎಂಬುದನ್ನು ಹೇಳಲು ಸೈಕಲ್ ಸವಾರನಿಗೆ ತಜ್ಞರ ವರದಿ ಬೇಕಾಗುವುದಿಲ್ಲ. ನಗರವನ್ನು ಹೀಗೆ ಮೈಯಿಂದ ಅರಿತವರ ಸಂಖ್ಯೆ ಹೆಚ್ಚಿದ್ದರೆ ರಾಜಕಾಲುವೆಗಳ ಮೇಲೆ ಮನೆ ಕಟ್ಟುವವರನ್ನು ಕೇಳುವವರೂ ಹೆಚ್ಚಿರುತ್ತಿದ್ದರೇನೋ.

ಈ ಊರು ಹಿಂದೆ ಸೈಕಲ್ಲಿನ ಊರೇ ಆಗಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಪಾಳಿಯ ಸೈರನ್ ಕೂಗಿದಾಗ ಕಾರ್ಖಾನೆಯ ಗೇಟಿನಿಂದ ಸೈಕಲ್ಲುಗಳ ಪ್ರವಾಹ ಹೊರಡುತ್ತಿದ್ದುದನ್ನು ಕಂಡ ಹಿರಿಯರು ಇಂದಿಗೂ ಅದನ್ನು ವರ್ಣಿಸುತ್ತಾರೆ. ಸೈಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ಸಂಜೆಯಾದರೆ ದೀಪ ಇರಲೇಬೇಕಿತ್ತು. ಡಬಲ್ ರೈಡ್ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಸೀಟಿಗೆ ಎಟುಕದ ಮಕ್ಕಳು ಒಳಪೆಡಲ್ ತುಳಿದು ಕಲಿಯುತ್ತಿದ್ದರು. ಗುಮಾಸ್ತರು, ಮೇಷ್ಟರು, ಅಂಚೆಯವರು, ಕಾಲೇಜಿನ ಹುಡುಗರು ಎಲ್ಲರಿಗೂ ಅದು ಸಹಜ ವಾಹನ. ಸೈಕಲ್ಲಿನಲ್ಲಿ ಹೋದರೆ ಮರ್ಯಾದೆ ಕಡಿಮೆ ಎಂಬ ಭಾವನೆಗೆ ಆಗ ಎಡೆಯಿರಲಿಲ್ಲ. ಮೊಪೆಡ್ಡೂ ಸ್ಕೂಟರೂ ಕೈಗೆಟುಕುವ ಬೆಲೆಗೆ ಬಂದಂತೆ, ನಗರ ಹಿಗ್ಗಿ ಮನೆಗೂ ಕೆಲಸಕ್ಕೂ ನಡುವಿನ ಅಂತರ ಹೆಚ್ಚಿದಂತೆ ಸೈಕಲ್ ಹಿಂದೆ ಸರಿಯಿತು. ಇಂದು ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ.

ಆದರೆ ಸೈಕಲ್ ಮಾಯವಾಯಿತೇ? ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಕಾರಿದ್ದುದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ಮಾಯವಾದದ್ದು ಮಧ್ಯಮ ವರ್ಗದ ಸೈಕಲ್. ಈಗ ಬೆಂಗಳೂರಿನಲ್ಲಿರುವುದು ಎರಡು ಬಗೆಯ ಸೈಕಲ್ಲುಗಳು. ಭಾನುವಾರ ಮುಂಜಾವಿನಲ್ಲಿ ನಂದಿಬೆಟ್ಟದ ದಾರಿ ಹಿಡಿಯುವ, ಮೋಟಾರ್ ಬೈಕಿನಷ್ಟೇ ಬೆಲೆಬಾಳುವ ಗೇರ್ ಸೈಕಲ್ಲು ಒಂದು. ವಾರವಿಡೀ ಪತ್ರಿಕೆ, ಹಾಲು, ಫ್ಲಾಸ್ಕಿನ ಚಹಾ, ಊಟದ ಡಬ್ಬಿಗಳನ್ನು ಹೊತ್ತು ತಿರುಗುವ, ದೀಪವೂ ಇಲ್ಲದ ಕಪ್ಪು ಬಣ್ಣದ ಹಳೆಯ ಸೈಕಲ್ಲು ಇನ್ನೊಂದು. ದೇಶದ ಹಳೆಯ ಸೈಕಲ್ ಕಂಪನಿಗಳಲ್ಲಿ ಒಂದಾದ ಅಟ್ಲಾಸ್ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಉತ್ಪಾದನೆಯನ್ನು ನಿಲ್ಲಿಸಿದ್ದು 2020ರಲ್ಲಿ, ಅದೂ ವಿಶ್ವ ಸೈಕಲ್ ದಿನದಂದೇ. ಅದೇ ವರ್ಷ ಕೋವಿಡ್ ಭಯದಿಂದ ನಗರಗಳ ಉಳ್ಳವರು ದುಬಾರಿ ಸೈಕಲ್ಲಿಗಾಗಿ ಅಂಗಡಿಗಳಲ್ಲಿ ಸರದಿ ಕಾದರು.

ಮೊದಲ ಬಗೆಯ ಸೈಕಲ್ಲಿಗೆ ಸುಖವಿದೆ, ಸುದ್ದಿಯೂ ಇದೆ. ಎರಡನೆಯದಕ್ಕೆ ಎರಡೂ ಇಲ್ಲ. ಸಿಗ್ನಲ್ಲಿನಲ್ಲಿ ನನ್ನ ಪಕ್ಕ ನಿಲ್ಲುವವರು ಬಹುಪಾಲು ಎರಡನೆಯ ಗುಂಪಿನವರು. ಎರಡು ಪಾಳಿ ಮುಗಿಸಿ ಮನೆಗೆ ಹೊರಟ ಕಾವಲುಗಾರರು, ಕಟ್ಟಡ ಕೆಲಸಕ್ಕೆ ಹೊರಟ ಗಾರೆಯವರು, ಸಾಣೆ ಹಿಡಿಯುವವರು. ನಾನು ಮರದ ಹೂವನ್ನು ನೋಡುವ ರಸ್ತೆಯಲ್ಲಿ ಅವರು ಹಿಂದಿನ ಲಾರಿಯ ಸದ್ದನ್ನು ಆಲಿಸುತ್ತಿರುತ್ತಾರೆ. ನನಗೆ ಭಯವಾದ ದಿನ ಆಟೊ ಹಿಡಿಯಬಹುದು. ಅವರಿಗೆ ಆ ಆಯ್ಕೆಯಿಲ್ಲ. ಒಮ್ಮೆ ಕೆಲಸದ ನಿಮಿತ್ತ ದೊಡ್ಡ ಕಚೇರಿಯೊಂದಕ್ಕೆ ಹೋದಾಗ, ಕಾರುಗಳಿಗೆ ಸಲಾಮು ಹೊಡೆಯುತ್ತಿದ್ದ ಕಾವಲಿನವರು ನನ್ನನ್ನು ತಡೆದು, ‘ಸೈಕಲ್ಲಿಗೆ ಒಳಗೆ ಜಾಗ ಇಲ್ಲ ಸಾರ್, ಆಚೆ ಕಾಂಪೌಂಡಿಗೆ ಒರಗಿಸಿ’ ಎಂದರು. ಅದೇ ಕಾಂಪೌಂಡಿಗೆ ಅವರ ಸೈಕಲ್ಲೂ ಒರಗಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಯಮ ಮಾಡಿದವರು ಅವರಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲುಗಳನ್ನು ನಿಲ್ಲಿಸಬಹುದು. ಆದರೂ ಜಾಗವಿಲ್ಲ ಎಂಬ ಮಾತು ಕೇಳಿಬರುವುದು ಸೈಕಲ್ಲಿಗೇ.

ಸುಖವನ್ನು ಕೊಲ್ಲುವುದು ಶ್ರಮವಲ್ಲ, ಭಯ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಪಾದಚಾರಿಗಳ ಸಾವು ಇದರ ಹಲವು ಪಟ್ಟು. ಈ ಭಯಕ್ಕೆ ಚಾಲಕರ ದುಡುಕು ಮಾತ್ರ ಕಾರಣವಲ್ಲ. ರಸ್ತೆಯ ವಿನ್ಯಾಸದಲ್ಲಿಯೇ ಅದು ಅಡಗಿದೆ. ಚರಂಡಿಯ ಜಾಲರಿಗಳ ಸಂದು ಸೈಕಲ್ ಚಕ್ರ ಸಿಕ್ಕಿಕೊಳ್ಳುವಷ್ಟು ಅಗಲ. ರಸ್ತೆಯ ಎಡ ಅಂಚು ನಿಂತ ವಾಹನಗಳ ಪಾಲು. ಹೀಗಾಗಿ ಸವಾರ ಪ್ರತಿ ಐವತ್ತು ಮೀಟರಿಗೊಮ್ಮೆ ವೇಗದ ವಾಹನಗಳ ನಡುವೆ ಬಲಕ್ಕೆ ಸರಿಯಬೇಕು. ಏಕಮುಖ ಸಂಚಾರದ ವ್ಯವಸ್ಥೆಯನ್ನೇ ನೋಡಿ. ಕಾರಿನವನಿಗೆ ಒಂದು ಕಿಲೋಮೀಟರ್ ಸುತ್ತು ಎಂದರೆ ಪಾದವನ್ನು ತುಸು ಒತ್ತುವುದಷ್ಟೆ. ಸೈಕಲ್ಲಿನವನಿಗೆ ಅದು ನಾಲ್ಕು ನಿಮಿಷದ ದುಡಿಮೆ. ಆದ್ದರಿಂದ ಅವನು ಎದುರು ದಿಕ್ಕಿನಿಂದ ನುಗ್ಗುತ್ತಾನೆ, ಬೈಗುಳ ತಿನ್ನುತ್ತಾನೆ, ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆ. ಸೈಕಲ್ಲಿನವರಿಗೆ ಶಿಸ್ತಿಲ್ಲ ಎಂದು ನಾವು ತೀರ್ಪು ಕೊಡುತ್ತೇವೆ. ಅವನ ಕಾಲಿನ ಕಷ್ಟವನ್ನು ಲೆಕ್ಕಕ್ಕೇ ಹಿಡಿಯದೆ ರಸ್ತೆಯ ನಿಯಮ ಮಾಡಿದ್ದು ಯಾರ ಅಶಿಸ್ತು?

ಈ ಭಯದಿಂದ ರಸ್ತೆಯಿಂದಲೇ ಹೊರಗುಳಿದವರು ಹೆಂಗಸರು ಮತ್ತು ಮಕ್ಕಳು. ಸೈಕಲ್ಲಿನ ಸುಖಕ್ಕೆ ಸ್ವಾತಂತ್ರ್ಯ ಎಂಬ ಇನ್ನೊಂದು ಹೆಸರಿದೆ ಎಂಬುದನ್ನು ನೆರೆಯ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆ 1990ರ ದಶಕದ ಆರಂಭದಲ್ಲಿಯೇ ತೋರಿಸಿತ್ತು. ಅಲ್ಲಿನ ಸಾಕ್ಷರತಾ ಆಂದೋಲನದ ಭಾಗವಾಗಿ ಹತ್ತಾರು ಸಾವಿರ ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ದೇಶದ ಗಮನಕ್ಕೆ ತಂದರು. ಬಸ್ಸಿಗಾಗಿ, ಗಂಡನಿಗಾಗಿ, ಅಣ್ಣನಿಗಾಗಿ ಕಾಯಬೇಕಿಲ್ಲ ಎಂಬುದೇ ಆ ಹೆಂಗಸರ ಪಾಲಿಗೆ ದೊಡ್ಡ ಬಿಡುಗಡೆಯಾಗಿತ್ತು. ಬಿಹಾರ 2006ರಲ್ಲಿ ಶಾಲಾ ಬಾಲಕಿಯರಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಅದರಿಂದ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಗಣನೀಯವಾಗಿ ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನದಿಂದ ತೋರಿಸಿದ್ದಾರೆ. ಕರ್ನಾಟಕವೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿತು. ಕೋವಿಡ್ ಕಾಲದಲ್ಲಿ ಅದು ಸ್ಥಗಿತಗೊಂಡಿತು. ಹಳ್ಳಿಯ ದಾರಿಗಳಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯರು ಗುಂಪಾಗಿ ಬೆಲ್ ಬಾರಿಸುತ್ತ ಹೋಗುವ ದೃಶ್ಯವನ್ನು ಆ ಯೋಜನೆ ನಮಗೆ ಕೊಟ್ಟಿತು. ಹಳ್ಳಿಯ ಹುಡುಗಿಗೆ ಸೈಕಲ್ ಕೊಟ್ಟು ಶಾಲೆಗೆ ಕಳುಹಿಸಿದ ರಾಜ್ಯದ ರಾಜಧಾನಿಯಲ್ಲಿ, ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಹನ್ನೆರಡು ವರ್ಷದ ಮಗಳನ್ನು ಸೈಕಲ್ಲಿನಲ್ಲಿ ಕಳುಹಿಸಲು ಎಷ್ಟು ಮಂದಿ ತಾಯ್ತಂದೆಯರಿಗೆ ಧೈರ್ಯವಿದೆ? ಅವಳನ್ನು ಬಿಡಲು ಹೊರಟ ಕಾರೇ ಇನ್ನೊಂದು ಮಗುವಿನ ತಾಯಿಯನ್ನು ಹೆದರಿಸುತ್ತದೆ. ಆ ತಾಯಿಯೂ ಕಾರು ಹೊರಡಿಸುತ್ತಾಳೆ.

ಸರ್ಕಾರ ಏನನ್ನೂ ಮಾಡಿಲ್ಲ ಎನ್ನುವುದು ಅನ್ಯಾಯವಾದೀತು. ರಸ್ತೆಯಿರುವುದು ಜನರನ್ನು ಸಾಗಿಸುವುದಕ್ಕೆ, ವಾಹನಗಳನ್ನಲ್ಲ ಎಂಬ ತತ್ವವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಒಪ್ಪಿಕೊಂಡಿದೆ. 2007ರಲ್ಲಿ ರಾಜ್ಯದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸ್ಥಾಪನೆಯಾಯಿತು. 2012ರಲ್ಲಿ ಜಯನಗರದಲ್ಲಿ ಸೈಕಲ್ ಪಥಗಳು ಬಂದವು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸೈಕಲ್ ಹಂಚಿಕೆಯ ಪ್ರಯೋಗ ನಡೆಯಿತು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಆರಂಭವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ತಡೆಗಂಬಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದರು. 2021ರಲ್ಲಿ ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳನ್ನು ಗುರುತಿಸುವ ಮಸೂದೆಯ ಕರಡೂ ಹೊರಬಂತು.

ಇವುಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ನಡೆದ ಪ್ರಯತ್ನಗಳು ಸೋತದ್ದೇಕೆ ಎಂಬುದನ್ನು ಬಿಡಿಸಿ ನೋಡಬೇಕು. ಜಯನಗರದ ಪಥ ಕಾರು ನಿಲ್ಲಿಸುವ ಪಟ್ಟಿಯಾಯಿತು. ಹೊರವರ್ತುಲ ರಸ್ತೆಯ ಪಥಕ್ಕೆ ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂತು, ಕಂಬಗಳು ಹೋದವು. ಎರಡೂ ಕಡೆ ಬಣ್ಣ ಬಳಿಯುವುದಕ್ಕೆ ಗುತ್ತಿಗೆದಾರರಿದ್ದರು. ಪಥವನ್ನು ಮಾರನೆಯ ದಿನದಿಂದ ಕಾಯುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ. ಜೊತೆಗೆ, ನೇರ ರಸ್ತೆಯಲ್ಲಿ ಇರುವ ಪಥ ವೃತ್ತ ಬಂದ ಕೂಡಲೇ ಮುಗಿದುಹೋಗುತ್ತದೆ. ಸೈಕಲ್ ಸವಾರನಿಗೆ ಹೆಚ್ಚು ಅಪಾಯವಿರುವುದು ವೃತ್ತದಲ್ಲಿ, ವಾಹನಗಳು ಎಡಕ್ಕೆ ತಿರುಗುವಲ್ಲಿ. ರಕ್ಷಣೆ ಬೇಕಾದಲ್ಲೇ ಕೈಬಿಡುವ ಪಥವನ್ನು ಯಾರು ನಂಬುತ್ತಾರೆ? ಆಮೇಲೆ ‘ಪಥ ಮಾಡಿಕೊಟ್ಟರೂ ಬಳಸುವವರಿಲ್ಲ’ ಎಂಬ ಷರಾ ಕಡತ ಸೇರುತ್ತದೆ. ಅರ್ಧ ತೋಡಿದ ಬಾವಿಯ ಮುಂದೆ ನಿಂತು ನೀರು ಸೇದಲು ಯಾರೂ ಬರುತ್ತಿಲ್ಲ ಎಂದಂತಾಯಿತು ಇದು.

‘ಅದೆಲ್ಲ ಯುರೋಪಿಗೆ ಸರಿ, ನಮಗಲ್ಲ’ ಎಂಬ ಮಾತನ್ನೂ ಪರೀಕ್ಷಿಸಬೇಕು. ನೆದರ್ಲೆಂಡ್ಸಿನವರು ಹುಟ್ಟಿನಿಂದಲೇ ಸೈಕಲ್ ಪ್ರಿಯರೆಂಬ ನಂಬಿಕೆ ನಮ್ಮಲ್ಲಿದೆ. ಎರಡನೇ ಮಹಾಯುದ್ಧದ ನಂತರ ಆ ದೇಶವೂ ಕಾರಿಗಾಗಿ ರಸ್ತೆಗಳನ್ನು ಅಗಲಿಸಿತ್ತು. 1971ರಲ್ಲಿ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯ್ತಂದೆಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅವರ ಮಾತಿಗೆ ಬಲ ಕೊಟ್ಟಿತು. ಇಂದು ನಾವು ಮೆಚ್ಚುವ ಅಲ್ಲಿನ ಸೈಕಲ್ ಸಂಸ್ಕೃತಿ ಆ ಆಂದೋಲನದ ಫಲ. ಹವೆಯ ಮಾತಿಗೆ ಬಂದರೆ, ವರ್ಷದ ಬಹುಪಾಲು ಬೆಳಗಿನಲ್ಲಿ ಬೆಂಗಳೂರಿನಷ್ಟು ಹಿತವಾದ ಗಾಳಿ ಎಷ್ಟು ನಗರಗಳಿಗಿದೆ? ಮಳೆಯೂ ನಮ್ಮಲ್ಲಿ ಹೆಚ್ಚಾಗಿ ಸಂಜೆಯ ಅತಿಥಿ. ಏರುಗಳಿಗೆ ಈಗ ಬ್ಯಾಟರಿಯ ನೆರವಿರುವ ಸೈಕಲ್ಲುಗಳಿವೆ. ಹೊಗೆಯ ದೂರು ನ್ಯಾಯವಾದದ್ದೇ. ಮುಖ್ಯರಸ್ತೆ ಬಿಟ್ಟು ಒಳರಸ್ತೆ ಹಿಡಿದರೆ ಅದು ಸಾಕಷ್ಟು ತಗ್ಗುತ್ತದೆ. ಬಸವನಗುಡಿಯವರು ವೈಟ್‌ಫೀಲ್ಡಿಗೆ ಸೈಕಲ್ಲಿನಲ್ಲಿ ಹೋಗಬೇಕೆಂದು ಯಾರೂ ಹೇಳುತ್ತಿಲ್ಲ. ಅಷ್ಟು ದೂರಕ್ಕೆ ಮೆಟ್ರೊ ಇದೆ. ಮಡಚುವ ಸೈಕಲ್ಲನ್ನು ಒಯ್ಯಲು ಅದು 2020ರಲ್ಲಿಯೇ ಅನುಮತಿಸಿದೆ. ಮನೆಯಿಂದ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರೇ ನಮ್ಮ ನಿಜವಾದ ಸಮಸ್ಯೆ, ಸೈಕಲ್ಲಿಗೆ ಅದೇ ತಕ್ಕ ದೂರ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ವಸತಿ ಬಡಾವಣೆಗಳ ಒಳರಸ್ತೆಗಳಲ್ಲಿ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಬೇಕು. 2020ರ ಸ್ಟಾಕ್‌ಹೋಮ್ ಘೋಷಣೆಯೂ ಪಾದಚಾರಿಗಳು ಮತ್ತು ವಾಹನಗಳು ಬೆರೆಯುವ ರಸ್ತೆಗಳಿಗೆ ಇದೇ ಮಿತಿಯನ್ನು ಹೇಳುತ್ತದೆ. ಇದರ ಹಿಂದಿರುವುದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30ರಲ್ಲಿ ಬರುವ ಕಾರಿಗಿಂತ 50ರಲ್ಲಿ ಬರುವ ಅದೇ ಕಾರಿನ ಶಕ್ತಿ 2.8 ಪಟ್ಟು ಹೆಚ್ಚು. ಎರಡನೆಯದಾಗಿ, ಬಿಡಿ ಬಿಡಿ ಪಥಗಳ ಬದಲು, ನೆರಳಿರುವ ಒಳರಸ್ತೆಗಳನ್ನು ಒಂದಕ್ಕೊಂದು ಪೋಣಿಸಿ, ವೃತ್ತಗಳನ್ನು ಸುರಕ್ಷಿತವಾಗಿ ದಾಟಿಸುವ ಅಖಂಡ ಮಾರ್ಗಗಳು ಬೇಕು. ಏಕಮುಖ ರಸ್ತೆಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕವಾದ ಎದುರುಮುಖದ ಪಟ್ಟಿ ಬೇಕು. ಮೂರನೆಯದಾಗಿ, ಪ್ರತಿ ಮೆಟ್ರೊ ನಿಲ್ದಾಣದಲ್ಲಿ, ಕಚೇರಿಯಲ್ಲಿ, ಮಾರುಕಟ್ಟೆಯಲ್ಲಿ ಕಾವಲಿರುವ, ಸೂರಿರುವ ಸೈಕಲ್ ನಿಲ್ದಾಣ ಕಡ್ಡಾಯವಾಗಬೇಕು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಒಡೆದು ಐದು ನಗರಪಾಲಿಕೆಗಳನ್ನು ಮಾಡಲಾಗಿದೆ. ಒಂದು ಪಾಲಿಕೆಯ ಗಡಿಯಲ್ಲಿ ಸೈಕಲ್ ಮಾರ್ಗ ತುಂಡಾಗದಂತೆ ನೋಡುವ ಹೊಣೆಯನ್ನು ಅವುಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರವೇ ಹೊರಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಯೋಜಿಸಿರುವ ಸುರಂಗ ರಸ್ತೆಗೆ ಬೇಕಾದ ಸಾವಿರಾರು ಕೋಟಿಯ ಒಂದು ಸಣ್ಣ ಚೂರು ಈ ಎಲ್ಲಕ್ಕೂ ಧಾರಾಳವಾಗಿ ಸಾಕು.

ಕೊರತೆಯಿರುವುದು ಹಣದಲ್ಲಿ ಅಲ್ಲ, ದೃಷ್ಟಿಯಲ್ಲಿ. ರಸ್ತೆ ಯೋಜಿಸುವವರು ಸೈಕಲ್ಲನ್ನು ಬಡವರ ಅನಿವಾರ್ಯತೆಯೆಂದೋ ಸಿರಿವಂತರ ಹವ್ಯಾಸವೆಂದೋ ನೋಡುತ್ತಿರುವವರೆಗೆ ಅದಕ್ಕೆ ಸಿಗುವುದು ಅನುಕಂಪ, ಇಲ್ಲವೇ ಭಾನುವಾರದ ರ‍್ಯಾಲಿ. ಮಧ್ಯಮ ವರ್ಗ ಸೈಕಲ್ಲಿಗೆ ಮರಳಬೇಕೆಂದು ನಾನು ಬಯಸುವುದು ಈ ಕಾರಣಕ್ಕೇ. ನಮ್ಮ ದೂರುಗಳು ಪತ್ರಿಕೆಗಳಿಗೆ ತಲುಪುತ್ತವೆ, ಶಾಸಕರ ಕಿವಿಗೂ ಬೀಳುತ್ತವೆ. ಗಾರೆಯವರ, ಕಾವಲುಗಾರರ ದೂರುಗಳು ಅಲ್ಲಿಗೆ ತಲುಪುವುದಿಲ್ಲ. ನಮ್ಮ ಸುಖಕ್ಕಾಗಿ ನಾವು ಕೇಳುವ ಸುರಕ್ಷಿತ ರಸ್ತೆ ಅವರ ಜೀವವನ್ನು ಕಾಯುತ್ತದೆ. ಎಷ್ಟು ಕಿಲೋಮೀಟರ್ ಪಥಕ್ಕೆ ಬಣ್ಣ ಬಳಿದೆವು ಎಂಬುದು ಯಶಸ್ಸಿನ ಅಳತೆಯಲ್ಲ. ಕಾರು ಇದ್ದವರೂ ಇಷ್ಟಪಟ್ಟು ಸೈಕಲ್ ಏರುತ್ತಾರೆಯೇ, ಬೇರೆ ದಾರಿಯಿಲ್ಲದೆ ಏರುವವರೂ ಒಂದು ದಿನ ತಲೆಯೆತ್ತಿ ಟಬೂಬಿಯಾ ಹೂವನ್ನು ನೋಡುವಷ್ಟು ನಿಶ್ಚಿಂತರಾಗಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಐದೂ ಪಾಲಿಕೆಗಳು ತಮಗೆ ತಾವೇ ಕೇಳಿಕೊಳ್ಳಲಿ.